ಉಗುರಿನ ಪಾಚಿ

ಕಾಟಪ್ಪ ಕೊನೆಯ ಸಲ ಥಿಯೇಟರಿಗೆ ಹೋದದ್ದು ಮಗಳು ವನಜಾ ಹುಟ್ಟುವುದಕ್ಕೆ ಮುಂಚೆ. ಈಗ ಆ ವನಜಾಳಿಗೇ ಇಬ್ಬರು ಮಕ್ಕಳು. ಆದರೂ ಮಾರ್ಚ್ ತಿಂಗಳ ಒಂದು ಭಾನುವಾರ, ಮಧುಗಿರಿ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತ, ತಾನು ನೋಡಿಯೇ ಇರದ ಒಂದು ಸಿನಿಮಾದ ಬಗ್ಗೆ ಅವನು ತೀರ್ಪು ಹೇಳಿಬಿಟ್ಟ. ಹೇಳಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಹೇಳಿದ್ದೇ ಸರಿಯಾಯಿತು ಎಂದೂ ಒಂದೆರಡು ಸಲ ಅನ್ನಿಸಿದೆ.

ಕಾಟಪ್ಪನದು ಬಾವಿಗೆ ಇಳಿಯುವ ಕೆಲಸ. ಅವನ ಊರು ಮಧುಗಿರಿ ಬೆಟ್ಟದ ಹಿಂಬದಿಗೆ, ಬಂಡೆಯ ನೆರಳು ಸಂಜೆ ನಾಲ್ಕಕ್ಕೇ ಬಂದು ಬೀಳುವ ಕಡೆ. ಹಿಂದೆ ಕೋಟೆ ಕಾಯುತ್ತಿದ್ದ ಮನೆತನ ತಮ್ಮದು ಎಂದು ಅವನ ಅಪ್ಪ ಹೇಳುತ್ತಿದ್ದ. ಆದರೆ ಅಪ್ಪ ಕಾಯುತ್ತಿದ್ದುದನ್ನು ಕಾಟಪ್ಪ ಕಂಡದ್ದು ಒಂದೇ ಒಂದು ವಸ್ತುವನ್ನು, ಮನೆಯ ಪಾತಾಳಗರಡಿಯನ್ನು. ಬಾವಿಗೆ ಬಿದ್ದ ಕೊಡ, ಬಕೆಟ್ಟುಗಳನ್ನು ಎತ್ತುವುದಕ್ಕೆ ಹಗ್ಗ ಕಟ್ಟಿ ಇಳಿಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಯಾರಾದರೂ ಕೇಳಿಕೊಂಡು ಬಂದರೆ ಒಂದು ಚೊಂಬನ್ನೋ ತಟ್ಟೆಯನ್ನೋ ಬದಲಿಗೆ ಒತ್ತೆ ಇಟ್ಟು ಅದನ್ನು ಒಯ್ಯಬೇಕು. ಗರಡಿಗೆ ಸಿಕ್ಕದ ಪಾತ್ರೆಗಳನ್ನು ಕಾಟಪ್ಪ ಉಸಿರು ಕಟ್ಟಿ ಮುಳುಗಿ ತರುತ್ತಿದ್ದ. ಸುತ್ತಲ ಹತ್ತು ಊರಿನ ಬಾವಿಗಳ ತಳ ಅವನ ಅಂಗೈಗೆ ಗೊತ್ತಿತ್ತು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೊರಟಗೆರೆ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಹಿತ್ತಾಳೆ ಕೊಡ ಬಿದ್ದಿದೆ, ಬಾ ಎಂದರು. ಹೋಗಿ ಮುಳುಗಿದರೆ ಕೈಗೆ ಸಿಕ್ಕದ್ದು ಕೊಡವಲ್ಲ, ಆ ಮನೆಯ ಸೊಸೆ. ನಿಜ ಹೇಳಿದರೆ ಬರುವುದಿಲ್ಲ ಎಂದು ಕೊಡ ಅಂದಿದ್ದರು. ಎತ್ತಿ ಬಾವಿಕಟ್ಟೆಯ ಮೇಲೆ ಮಲಗಿಸುವ ಹೊತ್ತಿಗೆ ತೌರಿನವರು ಬಂದರು. ಹೆತ್ತ ತಾಯಿ ಮುಖ ನೋಡಲಿಲ್ಲ, ಮೊದಲು ಕೈ ಹಿಡಿದಳು. ಹತ್ತೂ ಉಗುರಿನೊಳಗೆ ಹಸಿರು ಪಾಚಿ, ಎರಡು ಉಗುರು ಮುರಿದಿದ್ದವು. "ಎಷ್ಟೊತ್ತು ಒದ್ದಾಡ್ತೋ ನನ್ನ ಕೂಸು, ಎಷ್ಟೊತ್ತು ಒದ್ದಾಡ್ತೋ" ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಆರು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋದಾಗಲೂ ಆ ಹೆಂಗಸು ಬೇಲಿ ಪಕ್ಕ ಕೂತು ಅದೇ ಮಾತನ್ನು ಅನ್ನುತ್ತಿದ್ದಳು.

ಅಂದಿನಿಂದ ಕಾಟಪ್ಪ ಒಂದು ಪದ್ಧತಿ ಮಾಡಿಕೊಂಡ. ಹೆಣವನ್ನು ಮೇಲಕ್ಕೆ ತಂದ ಕೂಡಲೇ, ಮನೆಯವರನ್ನು ಹತ್ತಿರ ಬಿಡುವ ಮೊದಲು, ಒಂದು ಕೊಡ ನೀರು ತರಿಸಿ ಎರಡೂ ಕೈ ತೊಳೆಯುವುದು. ಬೇವಿನ ಕಡ್ಡಿಯಿಂದ ಉಗುರಿನ ಸಂದಿಯ ಪಾಚಿ ತೆಗೆಯುವುದು. ಮುರಿದ ಉಗುರಿದ್ದರೆ ಕಲ್ಲಿಗೆ ಉಜ್ಜಿ ನಯ ಮಾಡುವುದು. ಆಮೇಲೆ ಮನೆಯವರಿಗೆ ಒಂದು ಮಾತು, ಎಲ್ಲರಿಗೂ ಅದೇ ಮಾತು: "ಬಿದ್ದೇಟ್ಗೆ ಗ್ಯಾನ ತಪ್ಪೋಗೈತೆ. ಏನೂ ಗೊತ್ತಾಗಿಲ್ಲ." ಹೇಳಿ, ಒದ್ದೆ ಬಟ್ಟೆ ಹಿಂಡಿಕೊಂಡು ಹೊರಟುಬಿಡುತ್ತಿದ್ದ. ಬಿದ್ದವರು ಯಾರು, ಯಾಕೆ ಬಿದ್ದರು ಎಂದು ಅವನು ಯಾವತ್ತೂ ಕೇಳಿದವನಲ್ಲ. ಪೊಲೀಸರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಅವರಿಗೆ ಹೆಣ ಮೇಲೆ ಬಂದರೆ ಸಾಕಿತ್ತು.

ಹೀಗೆ ಮೂವತ್ತೆರಡು ವರ್ಷ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಪೊಲೀಸರ ಫೋನಿನಲ್ಲಿ ಅವನ ನಂಬರಿತ್ತು. ಬಾವಿಗಳು ಬತ್ತಿ ಬೋರ್‌ವೆಲ್ ಬಂದವು. ಈ ಕೆಲಸ ಇನ್ನು ತಪ್ಪಿತು ಅಂದುಕೊಂಡ. ಆಮೇಲೆ ಒಂದೆರಡು ವರ್ಷ ಒಳ್ಳೆಯ ಮಳೆಯಾಗಿ ಹಳೆಯ ಬಾವಿಗಳು ಮತ್ತೆ ತುಂಬಿದವು, ಊರೂರಿಗೆ ಕೃಷಿಹೊಂಡಗಳೂ ಆದವು, ಫೋನು ಮತ್ತೆ ಬರತೊಡಗಿತು. ಈಗ ಐವತ್ತೆಂಟರ ಕಾಟಪ್ಪನಿಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಮೆಟ್ಟಿಲು ಹತ್ತಿದರೆ ಮಂಡಿ ಚಳುಕು ಹೊಡೆಯುತ್ತದೆ. ಹೆಂಡತಿ ಕದರಮ್ಮ ಪ್ರತಿ ಸಲವೂ ಬಿಸಿನೀರು ಕಾಯಿಸಿಟ್ಟು, "ಇದೇ ಕಡೇದು ಅನ್ಕಳಪ್ಪ" ಅನ್ನುತ್ತಾಳೆ. "ಊ ಕಣಮ್ಮ" ಅನ್ನುತ್ತಾನೆ. ಮತ್ತೆ ಫೋನು ಬಂದರೆ ಎದ್ದು ಹೋಗುತ್ತಾನೆ. ಬೇಡ ಅನ್ನುವುದಕ್ಕೂ ಒಂದು ಶಕ್ತಿ ಬೇಕು, ಅದು ಅವನಲ್ಲಿ ಯಾವಾಗಲೋ ತೀರಿಹೋಗಿತ್ತು.

ಆ ಭಾನುವಾರ ಅವನು ಪಾವಗಡದ ಕಡೆಯಿಂದ ಬರುತ್ತಿದ್ದ. ಕ್ಯಾತಗಾನಚೆರ್ಲು ಹತ್ತಿರ, ಸೋಲಾರ್ ಪ್ಲೇಟುಗಳ ಸಾಲು ಮುಗಿಯುವ ಕಡೆ, ಒಂದು ಕೃಷಿಹೊಂಡ. "ಕಾಟಣ್ಣ ವಚ್ಚಿನಾಡು, ಜರಗಂಡಿ" ಎಂದು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಸರಿಸುತ್ತ ಜನ ದಾರಿ ಬಿಟ್ಟರು. ಹೊಂಡದ ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ. ಅದರಲ್ಲಿ ಬಿದ್ದವರಿಗೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ. ಜಾರಿದಷ್ಟೂ ಒಳಕ್ಕೇ. ಮಧ್ಯಾಹ್ನ ಒಂದೂವರೆಗೆ ಮಧುಗಿರಿಯಲ್ಲಿ ಬಸ್ಸಿಳಿದಾಗ ಅವನ ಬಲಗಿವಿಯಲ್ಲೂ ನೀರು ಕಟ್ಟಿ ಗುಂಯ್ ಅನ್ನುತ್ತಿತ್ತು. ಊರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಶಂಕರಲಿಂಗಪ್ಪನ ಹೋಟೆಲಿನ ಬೆಂಚಿನ ಮೇಲೆ ಕೂತು ಟೀ ಹೇಳಿದ.

ಒಳಗೆ ಜಗಳ ಜೋರಾಗಿತ್ತು. ಬೆಳಗಿನ ಆಟ ನೋಡಿ ಬಂದಿದ್ದ ಇಬ್ಬರು ಎದುರುಬದುರು ಕೂತಿದ್ದರು. ಒಬ್ಬ ಗಂಗಾಧರ್, ವಕೀಲರೊಬ್ಬರ ಗುಮಾಸ್ತ, ಕೋರ್ಟಿನ ಫೈಲುಗಳ ನಡುವೆಯೇ ತಲೆ ನೆರೆತವನು. ಇನ್ನೊಬ್ಬ ನವೀನ್ ಕುಮಾರ್, ಪಕ್ಕದ ಮೊಬೈಲ್ ರಿಪೇರಿ ಅಂಗಡಿಯವನು. ಹೊಸ ಸಿನಿಮಾ ಬಂದಾಗಲೆಲ್ಲ ಜನರ ಅಭಿಪ್ರಾಯ ಕೇಳಿ ಯೂಟ್ಯೂಬಿಗೆ ಹಾಕುವುದು ಅವನ ಚಟ. ಅವತ್ತೂ ಅವನ ಫೋನು ಸಕ್ಕರೆ ಡಬ್ಬಕ್ಕೆ ಒರಗಿ ನಿಂತಿತ್ತು.

"ಲಾಜಿಕ್ಕೇ ಇಲ್ಲ ಕಣಯ್ಯ," ಗಂಗಾಧರ್ ಮೇಜು ಕುಟ್ಟಿದ. "ಪೊಲೀಸ್ನೋರು ಐದು ನಿಮಿಷಕ್ಕೆ ಬಂದ್ಬುಡ್ತಾರೆ. ರಿಪೋರ್ಟು ಸಾಯಂಕಾಲಕ್ಕೆ ರೆಡಿ. ನಮ್ಮಲ್ಲಿ ಒಂದ್ ಸೀಲ್ ಹಾಕ್ಸಾಕೆ ಮೂರು ದಿವ್ಸ ತಿರುಗ್ಬೇಕು. ಎಂಥ ರಿಯಲಿಸ್ಟಿಕ್ಕು ಇದು?"

"ನಿಜಾನೇ ಬೇಕಾದ್ರೆ ಕೋರ್ಟ್ ಹಾಲ್ನಾಗೆ ಹೋಗಿ ಕುಂತ್ಕಣ್ಣ. ವಾಯಿದಾ ಮೇಲೆ ವಾಯಿದಾ. ಟಿಕೆಟ್ ತಗಂಡು ಅದನ್ನ ಯಾವನ್ ನೋಡ್ತಾನೆ?"

"ಅದು ಬುಡು. ಆ ಬಾವಿ ಸೀನು? ಎರಡು ದಿವ್ಸ ನೀರಾಗೆ ನೆಂದ ಕೈ. ಅದು ಕ್ಲೀನಾಗಿರ್ದೆ ಇನ್ನೆಂಗಿರ್ತದೆ? ಅದನ್ನ ನೋಡ್ಬುಟ್ಟು ಇನ್‌ಸ್ಪೆಕ್ಟ್ರು, ಇದು ಕೊಲೆ, ಯಾವನೋ ಕೈ ತೊಳ್ದವ್ನೆ ಅಂತಾನೆ. ಅಲ್ಲಿಗೆ ಇಂಟ್ರುವಲ್ಲು. ಜನ ಬೇರೆ ಶಿಳ್ಳೆ ಹೊಡೀತಾರೆ."

"ಹೊಡೀದೆ ಇನ್ನೇನು? ಅದೇ ಕಣಣ್ಣ ಇಡೀ ಪಿಚ್ಚರ್ನ ಪಾಯಿಂಟು! ಬಾವಿಗ್ ಬಿದ್ದೋರು ಗೋಡೆ ಕೆರೀತಾರೆ. ಉಗುರಾಗೆ ಏನಾದ್ರೂ ಇರ್ಲೇಬೇಕು. ಇಲ್ಲ ಅಂದ್ರೆ ಡೌಟು. ಕಡೀಗೆ ನೋಡಿದ್ರೆ ಹೆಣ ಎತ್ತಿದೋನೇ ಕೊಲೆಗಾರ. ಮೈ ಜುಂ ಅನ್ಲಿಲ್ವಾ ನಿಂಗೆ?"

"ನಂಗೆ ನಿದ್ದೆ ಬಂತು."

ಟೀ ತಂದಿಟ್ಟ ಶಂಕರಲಿಂಗಪ್ಪ ನಕ್ಕ. "ಲೇ, ಸುಮ್ನೆ ಯಾಕೆ ಕಿತ್ತಾಡ್ತೀರಿ? ಹೈಕೋರ್ಟೇ ಇಲ್ಲಿ ಬೆಂಚ್ ಮೇಲೆ ಕುಂತೈತೆ, ಕೇಳ್ರಪ್ಪ. ಕಾಟಣ್ಣ, ಬಾವಿಗ್ ಬಿದ್ದೋರ ಕೈ ಹೆಂಗಿರ್ತದೆ?"

ಕಾಟಪ್ಪ ಉತ್ತರ ಕೊಡದೆ ಎದ್ದುಬಿಡುತ್ತಿದ್ದ, ಬೇರೆ ದಿನವಾಗಿದ್ದರೆ. ಅವತ್ತು ಮೈಯಲ್ಲಿ ಕಸುವಿರಲಿಲ್ಲ. ಕಿವಿಯ ಗುಂಯ್‌ಗುಟ್ಟುವಿಕೆಯ ಮಧ್ಯೆ ಆ ಪ್ರಶ್ನೆ ಎಲ್ಲೋ ದೂರದಿಂದ ಕೇಳಿದಂತಿತ್ತು. "ಜೀವ ಇದ್ದು ಬಿದ್ದೋರ ಉಗುರಾಗೆ ಪಾಚಿ ಇದ್ದೇ ಇರ್ತದೆ," ಎಂದ. "ಈಜು ಬಂದ್ರೂ ಅಷ್ಟೆ, ಬರ್ದಿದ್ರೂ ಅಷ್ಟೆ. ಕೈ ಸುಮ್ನಿರಲ್ಲ."

ನವೀನ್ ಕುಮಾರ್ ಬೆಂಚು ತಟ್ಟಿದ. "ಕೇಳಿಸ್ಕಂಡ್ಯಾ! ನೀರಾಗೆ ನೆಂದ್ರೂ ಹೋಗಲ್ಲ!"

ಗಂಗಾಧರ್ ಸೋಲುವವನಲ್ಲ. "ಅದೆಂಗಾಗ್ತದೆ ಕಾಟಣ್ಣ? ಬಾವಿ ಕೇಸಿನ ಫೈಲು ನಾನು ಎಷ್ಟು ನೋಡಿಲ್ಲ? ಎಲ್ಲಾ ನೀನೇ ಎತ್ತಿರೋವು. ಒಂದ್ರಾಗಾದ್ರೂ ಉಗುರಾಗೆ ಪಾಚಿ ಇತ್ತು ಅಂತ ಬರ್ದಿರೋದು ನಾನು ಓದಿಲ್ಲ."

"ಹೆಂಗಿರ್ತದೆ? ನಾನು ತೊಳೀತೀನಲ್ಲ."

"ಏನು?"

"ಕೈಯ. ಮನೇರು ನೋಡ್ಬಾರ್ದು ಅಂತ. ಮೊದ್ಲು ಕೈ ತೊಳ್ದೇ ನಾನು ಅವ್ರನ್ನ ಬುಡೋದು."

ಶಂಕರಲಿಂಗಪ್ಪ ತಟ್ಟೆ ಕುಟ್ಟಿ, "ಕೊಲೆಗಾರ ಸಿಕ್ದ ಕಣ್ರಪ್ಪೋ!" ಎಂದು ಕೂಗಿದ. ಇಡೀ ಹೋಟೆಲು ಬಿದ್ದು ಬಿದ್ದು ನಕ್ಕಿತು. ಕಾಟಪ್ಪನೂ ನಗುವಂತೆ ಮುಖ ಮಾಡಿ, ಟೀ ಮುಗಿಸಿ, ಬಸ್ಸಿಗೆ ಎದ್ದ. ಫೋನು ಅಷ್ಟನ್ನೂ ಹಿಡಿದುಕೊಂಡಿದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಬುಧವಾರ. ಕಾನ್‌ಸ್ಟೆಬಲ್ ನರಸಿಂಹರಾಜು ಫೋನು ಮಾಡಿ, "ಏನಯ್ಯಾ ಕಾಟಪ್ಪ, ಹೀರೋ ಆಗ್ಬುಟ್ಟಿದ್ದೀಯ," ಎಂದ. "ಸಾಕ್ಷಿ ನಾಶ ಅಂತ ನಿನ್ ಮೇಲೊಂದು ಕೇಸ್ ಹಾಕಾನಾ?" ತಮಾಷೆಯ ದನಿಯೇ. ಆದರೆ ಕಡೆಗೆ ದನಿ ತಗ್ಗಿಸಿ, "ಆ ವಿಡಿಯೋ ತೆಗ್ಸು ಮಾರಾಯ, ನಮ್ಗೂ ಒಳ್ಳೇದಲ್ಲ" ಎಂದೂ ಸೇರಿಸಿದ.

ಕಾಟಪ್ಪ ನವೀನ್ ಕುಮಾರನ ಅಂಗಡಿಗೆ ಹೋದ. ಅವನು ಖುಷಿಯಿಂದ ಸ್ಟೂಲು ಕೊಟ್ಟು ಕೂರಿಸಿ, ಜನ ಬರೆದಿದ್ದನ್ನು ಒಂದೊಂದಾಗಿ ಓದಿದ. ಮೊದಮೊದಲು ಸಿನಿಮಾದ ಬಗ್ಗೆ ಇದ್ದ ಜಗಳ ಕಾಟಪ್ಪನ ಕಡೆಗೆ ತಿರುಗಿಬಿಟ್ಟಿತ್ತು. ಇಷ್ಟು ಸಹಜವಾಗಿ ಯಾರೂ ಮಾತಾಡುವುದಿಲ್ಲ, ಇದು ಬರೆದುಕೊಟ್ಟ ಡೈಲಾಗು ಎಂದು ಒಬ್ಬ ಬರೆದಿದ್ದ. ಈ ಮುದುಕ ಸಿನಿಮಾದವರೇ ಕಳಿಸಿದ ನಟ, ಪ್ರಚಾರ ಎಂದು ಇನ್ನೊಬ್ಬ. ಕಿವಿ ಕೇಳದವನ ಹಾಗೆ ತಲೆ ವಾಲಿಸುವುದು ಸ್ವಲ್ಪ ಅತಿಯಾಯಿತು ಎಂದು ಮತ್ತೊಬ್ಬ. ಇಲ್ಲ, ನಮ್ಮ ಮಾವನನ್ನು ಎತ್ತಿದ್ದು ಇವನೇ, ನಿಜವಾದ ಮನುಷ್ಯ ಎಂದು ಸಿರಾದಿಂದ ಯಾರೋ. ಅದಕ್ಕೆ ಕೆಳಗೆ ಇಪ್ಪತ್ತು ಜನ ಬೈದಿದ್ದರು.

"ನಾನು ಇದ್ದೀನೋ ಇಲ್ವೋ ಅಂತ ಇವ್ರಿಗೆ ಡೌಟಾ?" ಎಂದು ಕೇಳಿದ ಕಾಟಪ್ಪ.

"ಅದೇ ಕಣಣ್ಣ ಮಜಾ!"

"ತೆಗ್ದಾಕ್ಬುಡಪ್ಪ."

"ಒಂದ್ವಾರ ಇರ್ಲಿ ಕಾಟಣ್ಣ, ಇನ್ನೂ ಓಡ್ತೈತೆ."

ಮತ್ತೆ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಒಂದು ವಾರ ತಾನೆ ಅಂದುಕೊಂಡು ಊರಿಗೆ ಹೋದ. ಹಗಲು ಹೊತ್ತು ಜಗಲಿಯ ಮೇಲೆ ಮಲಗಿದರೆ ಅದೇ ನಗು ಕಿವಿಯಲ್ಲಿ. ತಾನು ಮಾಡುತ್ತಿದ್ದುದು ಪುಣ್ಯದ ಕೆಲಸ ಎಂದೇನೂ ಅವನು ಅಂದುಕೊಂಡಿರಲಿಲ್ಲ. ಆದರೆ ತಪ್ಪು ಎಂದು ಈವರೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಶಂಕರಲಿಂಗಪ್ಪನೇ ಫೋನು ಮಾಡಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಕಾಟಣ್ಣ, ಒಬ್ಬ ಹೆಣ್ಮಗಳು ಬಂದವ್ಳೆ. ಸಿರಾ ತಾವ್ರೆಕೆರೆಯೋಳಂತೆ. ವಿಡಿಯೋದಾಗೆ ನಮ್ಮ ಬೋಡ್ ನೋಡ್ಕಂಡು ಹುಡುಕ್ಕಂಡು ಬಂದವ್ಳೆ. ಏಳು ಗಂಟೆಯಿಂದ ಕುಂತವ್ಳೆ. ಟೀನೂ ಬೇಡ ಅಂತಾಳೆ."

ಕಾಟಪ್ಪ ಬಂದಾಗ ಆಕೆ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಐವತ್ತರ ಆಸುಪಾಸು, ಹಣೆಗೆ ವಿಭೂತಿ, ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಹೆಸರು ಬಸವಮ್ಮ ಎಂದಳು. ಹೋಟೆಲಿನಲ್ಲಿ ಎಲ್ಲರ ಕಣ್ಣೂ ಇತ್ತ ಇದ್ದುದರಿಂದ ಅವನು ಆಕೆಯನ್ನು ತಾಲ್ಲೂಕು ಆಫೀಸಿನ ಕಾಂಪೌಂಡಿನ ಹೊಂಗೆಮರದ ಕೆಳಗೆ ಕರೆದುಕೊಂಡು ಹೋದ. ಶನಿವಾರವಾದ್ದರಿಂದ ಅಲ್ಲಿ ಜನ ಕಡಿಮೆ ಇದ್ದರು. ಎದುರಿಗೆ ಬೆಟ್ಟ ಬಿಸಿಲಿಗೆ ಬಿಳುಚಿಕೊಂಡು ನಿಂತಿತ್ತು.

"ಒಂಬತ್ತು ವರ್ಸದ ಹಿಂದೆ," ಎಂದಳು ಬಸವಮ್ಮ. "ಶ್ರಾವಣ. ನಮ್ಮ ಹೊಲದ ಬಾವಿ. ಹುಡುಗಿ. ಲೋಹಿತಾ ಅಂತ. ನೆಪ್ಪೈತಾ?"

ಹೆಸರು ಕೇಳಿದರೆ ನೆನಪಾಗುವುದಿಲ್ಲ, ಅವನು ಹೆಸರು ಕೇಳುವವನೇ ಅಲ್ಲವಲ್ಲ. "ಬಾವಿ ಹೆಂಗಿತ್ತವ್ವ?" ಎಂದು ಕೇಳಿದ.

"ಚೌಕದ ಬಾವಿ. ಮೂಡ್ಲು ಕಡೆ ಗೋಡೆಗೆ ಚಾಚುಗಲ್ಲು. ಕೆಳಗಡೆ ಎರಡು ಕಲ್ಲು ಮುರ್ದೋಗಿದ್ವು."

ಅವನಿಗೆ ಬಾವಿ ನೆನಪಾಯಿತು. ಗೋಡೆಯಿಂದ ಹೊರಚಾಚಿದ ಮೆಟ್ಟಿಲುಗಲ್ಲುಗಳು, ಕೊನೆಯ ಎರಡು ಇಲ್ಲದ ಜಾಗ. ಬಾವಿಯ ಜೊತೆಗೆ ಉಳಿದದ್ದೂ ನೆನಪಾಯಿತು.

"ಆವತ್ತು ಬೆಳಿಗ್ಗೆ ಹಾಲು ಉಕ್ಕಿ ಒಲೆಗೆಲ್ಲ ಚೆಲ್ಲೋಯ್ತು," ಎಂದಳು ಬಸವಮ್ಮ. "ಮೊಬೈಲ್ ನೋಡ್ತಾ ನಿಂತಿದ್ಲು. ನಂಗೆ ಸಿಟ್ಟು ಬಂತು. ಎಲ್ಲಾದ್ರೂ ಬಿದ್ದು ಸಾಯಿ ಅಂದೆ. ದಿನಾ ಅನ್ನೋ ಮಾತೇ. ಅವ್ಳೂ ನಕ್ಕಂಡೇ ಹೋಗ್ತಿದ್ಲು ದಿನಾ. ಆವತ್ತು ನಗ್ಲಿಲ್ಲ. ಕೊಡ ತಗಂಡು ಹೋದ್ಲು, ಸೇವಂತಿ ಸಸಿಗೆ ನೀರಾಕ್ತೀನಿ ಅಂತ." ಅವಳು ಚೀಲದ ಹಿಡಿಯನ್ನು ತಿರುಚುತ್ತಿದ್ದಳು. "ಪೊಲೀಸ್ನೋರು ಜಿಗುಪ್ಸೆ ಅಂತ ಬರ್ಕಂಡ್ರು. ಊರ್ನೋರು ಅವ್ವನ ಬಾಯಿಗೆ ಹೋಯ್ತು ಕೂಸು ಅಂದ್ರು. ನಮ್ಮೆಜಮಾನ್ರು ಏನೂ ಅನ್ಲಿಲ್ಲ. ಆವತ್ತಿಂದ ನಾನು ಹಾಲು ಕಾಯ್ಸೋವಾಗ ಅಡುಗೆ ಮನೇಗೆ ಬರಲ್ಲ ಅವ್ರು. ಅಷ್ಟೇಯ."

ಕಾಟಪ್ಪ ನೆಲ ನೋಡುತ್ತಿದ್ದ.

"ನಮ್ಮಲ್ಲಿ ಕೂರ್ಸಿ ಮಣ್ಣು ಮಾಡ್ತೀವಲ್ಲ," ಎಂದು ಆಕೆ ಮುಂದುವರಿಸಿದಳು. "ಗುಂಡಿ ಒಳ್ಗೆ ಕೂರ್ಸಿ, ಅಯ್ನೋರು ಅವ್ಳ ಎಡಗೈ ಬಿಡಿಸಿ ಲಿಂಗ ಇಟ್ರು. ಆವಾಗ ನೋಡ್ದೆ. ಕಾಲ್ಬೆಳ್ಳಿನ ಸಂದಿನಾಗೆ ಕೆಸ್ರು ಅಂಗೇ ಐತೆ. ಕೈ ಮಾತ್ರ ಮದ್ಲಗಿತ್ತಿ ಕೈಯಿದ್ದಂಗೆ ಐತೆ. ಉಗುರು ಮೂರು ಮೋಟಾಗವೆ, ಅರ ಹಾಕಿ ಉಜ್ಜಿದಂಗೆ. ಸಾಯೋಕೆ ಹೋಗೋಳು ಉಗುರು ತೆಕ್ಕಂಡು ಹೋದ್ಲಾ ಅನ್ಕಂಡೆ. ಒಂಬತ್ತು ವರ್ಸ ಅದೇ ಅನ್ಕಂಡಿದ್ದೀನಿ. ಕೈ ತೊಳ್ಕಂಡು, ಉಗುರು ತೆಕ್ಕಂಡು, ಮನಸ್ಸು ಗಟ್ಟಿ ಮಾಡ್ಕಂಡು ಹೋದ್ಲು, ಬಿದ್ದ ಮ್ಯಾಲೂ ಒಂದ್ಸಲ ಕೈ ಎತ್ತಲಿಲ್ಲ, ನನ್ನ ಮ್ಯಾಲೆ ಅಷ್ಟು ಸಿಟ್ಟಿತ್ತು ಅಂತ." ಅವಳು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು. "ಬುಧವಾರ ನಮ್ಮಣ್ಣನ ಮಗ ಆ ವಿಡಿಯೋ ತೋರ್ಸಿದ. ನಗ್ತಾ ತೋರ್ಸಿದ. ಹೇಳಪ್ಪ, ನಮ್ಮ ಹುಡುಗಿ ಕೈ ತೊಳ್ದೋನು ನೀನಾ?"

ಮೂವತ್ತೆರಡು ವರ್ಷ ಹೇಳಿದ ಮಾತು ಕಾಟಪ್ಪನ ನಾಲಗೆಯ ತುದಿಗೆ ತಾನಾಗಿಯೇ ಬಂತು. ಬಿದ್ದೇಟ್ಗೆ ಗ್ಯಾನ ತಪ್ಪೋಗೈತೆ. ಅದನ್ನು ಹೇಳಿದ್ದರೆ ಆಕೆಯ ಒಂಬತ್ತು ವರ್ಷಕ್ಕೆ ಇನ್ನಷ್ಟು ವರ್ಷ ಸೇರುತ್ತಿದ್ದವು. ಹೇಳದಿದ್ದರೆ, ಕೊರಟಗೆರೆಯ ಆ ತಾಯಿಯಂತೆ ಈಕೆಯೂ ಬೇಲಿ ಪಕ್ಕ ಕೂತು ಒಂದೇ ಮಾತನ್ನು ಅನ್ನುತ್ತ ಉಳಿಯಬಹುದು. ಯಾವುದು ಹಗುರ ಎಂದು ಅಳೆಯುವ ಚೈತನ್ಯ ಅವನಲ್ಲಿರಲಿಲ್ಲ. ಸುಳ್ಳು ಹೇಳುವ ಚೈತನ್ಯವೂ ಇರಲಿಲ್ಲ.

"ನಾನೇ ಕಣವ್ವ," ಎಂದ.

"ಏನಿತ್ತು?"

"ಪಾಚಿ. ಎರಡೂ ಕೈಯಾಗೆ. ಎಡಗೈಯಾಗೆ ಮೂರು ಉಗುರು ಮುರ್ದಿದ್ವು. ನಾನು ಉಜ್ಜಿ ಸರಿ ಮಾಡ್ದೆ." ಸ್ವಲ್ಪ ತಡೆದು, ಇಷ್ಟು ಹೇಳಿದ ಮೇಲೆ ಉಳಿದದ್ದೂ ಅವಳದೇ ಅನ್ನಿಸಿ, ಹೇಳಿದ. "ಗೋಡೆ ಮ್ಯಾಲೂ ಇತ್ತು. ನೀರಿಂದ ಒಂದ್ ಮಾರು ಎತ್ರದ ತಂಕ ಪಾಚಿ ಕೆರ್ದೋಗಿತ್ತು, ಬಾಚಣ್ಗೆ ಎಳ್ದಂಗೆ. ಒಂದು ಕಡೆ ಅಲ್ಲ, ಮೂರು ಕಡೆ. ಆ ಕಲ್ಲು ಎರಡು ಇದ್ದಿದ್ರೆ ಕೈಗೆ ಸಿಗ್ತಿತ್ತು."

ಬಸವಮ್ಮನ ಬಾಯಿ ತೆರೆದೇ ಇತ್ತು. ಹೊಂಗೆಮರದ ಆಚೆಗೆ ಯಾರೋ ಬೈಕು ಕಿಕ್ ಹೊಡೆದು ಹೊಡೆದು ಸಾಕಾಗಿ ಬಿಟ್ಟರು.

"ಅಂಗಾದ್ರೆ ಜಾರಿ ಬಿದ್ಲಾ?"

"ಅದು ನಂಗೊತ್ತಿಲ್ಲ ಕಣವ್ವ. ಜಾರಿದ್ಲೋ, ಹಾರಿದ್ಲೋ, ನೀರಿಗೆ ಗೊತ್ತು. ಮ್ಯಾಲಕ್ಕೆ ಬರಾಕೆ ನೋಡವ್ಳೆ. ಮೂರು ಸಲ ನೋಡವ್ಳೆ. ಅದೊಂದು ಗೊತ್ತು."

ಅವಳು ಅಳುತ್ತಾಳೆ ಎಂದು ಅವನು ಕಾದ. ಅವಳು ಅಳಲಿಲ್ಲ. ತನ್ನ ಎರಡೂ ಕೈಗಳನ್ನು ಮಡಿಲ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಳು. ಆಮೇಲೆ ಕೇಳಿದಳು, ಮೆಲ್ಲಗೆ ಕೇಳಿದಳು, ಆದರೆ ಅವನ ಕೇಳದ ಕಿವಿಗೂ ಅದು ಕೇಳಿಸಿತು. "ನೀನು ಯಾರಯ್ಯ ತೊಳಿಯಾಕೆ?"

ಕಾಟಪ್ಪ ತನ್ನ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ.

"ಮನೇಗೆ ಬರ್ಬೇಕು ಅಂತಿದ್ಲು ಅವ್ಳು. ಅದನ್ನ ಕೈಯಾಗೆ ಹಿಡ್ಕಂಡು ಬಂದಿದ್ಲು. ನೀನು ತೊಳ್ದ್ಬುಟ್ಟೆ."

"ನೀವು ನೊಂದ್ಕಬಾರ್ದು ಅಂತ ಕಣವ್ವ..."

"ನೊಂದ್ಕಳ್ಳಿಲ್ವಾ?"

ಅವಳು ಎದ್ದಳು. ಅವನೂ ಎದ್ದ, ಮಂಡಿ ಹಿಡಿದುಕೊಂಡು. ಸಿರಾ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ತೋರಿಸಿದ. ಜೊತೆಗೆ ಬರುತ್ತೇನೆ ಎಂದಾಗ ಬೇಡ ಎಂದಳು. ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು, "ಒಂದ್ ಮಾರು ಅಂದ್ಯಲ್ಲ, ಇಷ್ಟಾ?" ಎಂದು ಎರಡೂ ತೋಳು ಚಾಚಿ ತೋರಿಸಿದಳು. ಅವನು ಅವಳ ಬಲಗೈ ಬೆರಳ ತುದಿಯಿಂದ ಇನ್ನೂ ಒಂದು ಗೇಣು ಆಚೆಗೆ ಗಾಳಿಯಲ್ಲಿ ಗುರುತು ಮಾಡಿದ. ಅವಳು ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ, ಹೊರಟುಹೋದಳು. ಕ್ಷಮಿಸಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳುವ ವಿಷಯವೂ ಅದಲ್ಲ.

ಹೋಟೆಲಿನಲ್ಲಿ ಗಂಗಾಧರ್ ಮತ್ತು ನವೀನ್ ಕುಮಾರ್ ಕಾಯುತ್ತಿದ್ದರು. "ಯಾರಣ್ಣ ಅದು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಕಾಟಪ್ಪ ನವೀನನ ಮುಂದೆ ನಿಂತು, "ಅದನ್ನ ಈವಾಗ್ಲೇ ತೆಗಿ. ನನ್ ಮುಂದೆ ತೆಗಿ," ಎಂದ. ಅವನ ದನಿ ಏರಿರಲಿಲ್ಲ. ನವೀನ್ ಕುಮಾರ್ ಫೋನು ತೆಗೆದು ಒತ್ತಿದ. ಗಂಗಾಧರ್ ಗಂಟಲು ಸರಿಮಾಡಿಕೊಂಡು, "ಒಂದ್ ಮಾತು ಒಪ್ಕಂತೀನಿ ಕಣ್ಲಾ ನವೀನ," ಎಂದ. "ಪಿಚ್ಚರ್ನಾಗೆ ಆ ಕೈ ಸೀನು ಸುಳ್ಳಲ್ಲ."

"ಸುಳ್ಳೇ ಕಣಣ್ಣ," ಎಂದ ನವೀನ್ ಕುಮಾರ್, ಫೋನಿನಿಂದ ತಲೆ ಎತ್ತದೆ. "ಕೈ ತೊಳ್ದೋನು ಕೊಲೆಗಾರ ಅಂತ ತೋರ್ಸವ್ರೆ."

ಕಾಟಪ್ಪ ಆ ಜಗಳಕ್ಕೆ ನಿಲ್ಲಲಿಲ್ಲ. ಮನೆಗೆ ಹೋಗಿ ಕದರಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಬಹಳ ಹೊತ್ತು ಕಡ್ಡಿ ಹಿಡಿದು ಅವರೆಕಾಯಿಯ ಹುಳ ತೆಗೆಯುತ್ತ ಕೂತಿದ್ದು, "ಇದೇ ಕಡೇದು ಅನ್ಕಳಪ್ಪ," ಎಂದಳು. ಅವನು ಊ ಅನ್ನಲಿಲ್ಲ. ಎಷ್ಟು ಕೈಗಳನ್ನು ತೊಳೆದೆ ಎಂದು ಲೆಕ್ಕ ಹಾಕಲು ನೋಡಿ, ಎಲ್ಲೋ ನಲವತ್ತರ ಹತ್ತಿರ ಕೈಬಿಟ್ಟ.

ಹನ್ನೆರಡು ದಿನ ಕಳೆದ ಮೇಲೆ ಫೋನು ಬಂತು. ಕೊರಟಗೆರೆ ರಸ್ತೆಯಲ್ಲಿ, ಕಲ್ಲು ಕಿತ್ತು ಬಿಟ್ಟ ಒಂದು ಹಳೆಯ ಗುಂಡಿ. ಒಳಗೆ ಹಸಿರುಗಟ್ಟಿದ ನೀರು. ಹಿಂದಿನ ಸಂಜೆ ಕುರಿಗೆ ನೀರು ತೋರಿಸಲು ಹೋದವನು ವಾಪಸು ಬಂದಿರಲಿಲ್ಲ. ಕಾಟಪ್ಪ ಇಳಿದ. ಎರಡನೆಯ ಮುಳುಗಿಗೆ ಸಿಕ್ಕಿದ. ಹಗ್ಗ ಕಟ್ಟಿ ಮೇಲಕ್ಕೆ ಎಳೆಸಿ, ತಾನೂ ತೆವಳಿ ಬಂದು, ಬಂಡೆಯ ಮೇಲೆ ಐದು ನಿಮಿಷ ಉಸಿರು ಸುಧಾರಿಸಿಕೊಂಡ. ಯಾರೋ ಅಭ್ಯಾಸದಂತೆ ಒಂದು ಕೊಡ ನೀರು ತಂದಿಟ್ಟರು. ಕಾಟಣ್ಣ ಕೇಳುತ್ತಾನೆ ಎಂಬುದು ಈಗ ಆ ಕಡೆಯವರಿಗೆಲ್ಲ ಗೊತ್ತಿತ್ತು.

ಬೇವಿನ ಕಡ್ಡಿ ಅವನ ಕೈಯಲ್ಲೇ ಇತ್ತು. ಅವನು ಕೂರಲಿಲ್ಲ. ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದ ನರಸಿಂಹರಾಜುವಿಗೆ ಹೇಳಿದ: "ಬರ್ಕಳಿ ಸಾರ್ ಮೊದ್ಲು. ಎರಡೂ ಕೈ ಉಗುರಾಗೆ ಪಾಚಿ ಐತೆ. ಎಡಗೈಯಾಗೆ ಒಂದುಗುರು ಮುರ್ದೈತೆ."

"ಯಾಕಯ್ಯಾ ಹೊಸ ರಾಗ?"

"ಬರ್ಕಳಿ ಸಾರ್."

ನರಸಿಂಹರಾಜು ಅವನ ಮುಖ ನೋಡಿದ. ಆಮೇಲೆ ಬರೆದುಕೊಂಡ.

ಕಾಟಪ್ಪ ದೂರದಲ್ಲಿ ನಾಲ್ಕು ಹೆಂಗಸರು ಹಿಡಿದುಕೊಂಡಿದ್ದ, ಸತ್ತವನ ಹೆಂಡತಿಯ ಕಡೆ ನಡೆದ. ಅವಳ ಹೆಸರು ಕೇಳಿದ, ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಮಂಗಳಾ ಎಂದರು. "ಮಂಗಳಮ್ಮ, ಕೈ ತೊಳೀಬೇಕು ನಿಮ್ಮೆಜಮಾನ್ರದು," ಎಂದ. "ತೊಳಿಯಾಕೆ ಮುಂಚೆ ನೀನು ನೋಡ್ತೀಯಾ? ಬೇಡ ಅಂದ್ರೆ ನಾನು ತೊಳ್ದ್ಬುಡ್ತೀನಿ. ನಿನ್ನಿಷ್ಟ ಕಣವ್ವ."

ಹಿಡಿದಿದ್ದ ಹೆಂಗಸರು, "ಏನಯ್ಯಾ ನೀನು, ಕರುಳಿಲ್ವಾ" ಎಂದು ಬೈದರು. ಅವನು ಬೈಸಿಕೊಂಡು ನಿಂತ. ಮಂಗಳಾ ಅವರ ಕೈ ಬಿಡಿಸಿಕೊಂಡು ಬಂದಳು. ಗಂಡನ ಪಕ್ಕ ಬಂಡೆಯ ಮೇಲೆ ಕೂತು, ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆರಳು ಬೆರಳನ್ನೂ ಬಿಡಿಸಿ ನೋಡಿದಳು. ಕೂಗಿದಳು, ಒಂದೇ ಸಲ. ಆಮೇಲೆ ತಲೆ ಎತ್ತದೆ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆ ಎಂದು ಅವನಿಗೆ ತಕ್ಷಣ ಗೊತ್ತಾಗಲಿಲ್ಲ. ಅವಳು ಅವನ ಕೈಯಿಂದ ಬೇವಿನ ಕಡ್ಡಿ ತೆಗೆದುಕೊಂಡಳು, ಕೊಡ ಬಗ್ಗಿಸಿಕೊಂಡಳು, ಹೆಬ್ಬೆಟ್ಟಿನಿಂದ ಶುರುಮಾಡಿದಳು.

ಕಾಟಪ್ಪನಿಗೆ ಮಾಡಲು ಏನೂ ಉಳಿಯಲಿಲ್ಲ. ಒದ್ದೆ ಬಟ್ಟೆಯಲ್ಲೇ ಬಂಡೆಯ ಅಂಚಿಗೆ ಹೋಗಿ ಕೂತು, ತಲೆ ವಾಲಿಸಿ, ಬಲಗಿವಿಯ ನೀರು ಇಳಿಯಲಿ ಎಂದು ಕಾದ.